ಎದುರಿಗೇ ಕೂತಿದ್ದವನು

ನಾನು ದರ್ಜಿ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಮೊಬೈಲಿನ ಚರ್ಚಾ ವೇದಿಕೆಯಲ್ಲಿ ಅಪರಿಚಿತರ ಜೊತೆ ಜಗಳಾಡೋದು ನನಗೆ ಊಟದಷ್ಟೇ ಇಷ್ಟ. ಅಲ್ಲಿ ‘ಮೊಂಡ’ ಅನ್ನೋನೊಬ್ಬ, ಮೊಬೈಲಲ್ಲಿ ಮತ ಹಾಕೋದು ಕೂಡದು ಅಂತ ಪಟ್ಟು ಹಿಡಿದಿದ್ದ. ಅವನ ಉತ್ತರ ಬಂದಾಗಲೆಲ್ಲ ಪಕ್ಕದಲ್ಲಿದ್ದ ಕತ್ತರಿ ಮುಟ್ಟಿದರೆ ಕೊರೆಯುವಷ್ಟು ತಣ್ಣಗಿರುತ್ತಿತ್ತು.

ಒಂದು ದಿನ ರೇಗಿ, “ಧೈರ್ಯ ಇದ್ರೆ ಎದುರಿಗೆ ಬಾರಯ್ಯ” ಅಂತ ಬರೆದೆ.

“ಎದುರಿಗೇ ಕೂತಿದ್ದೀನಿ. ನೀವೇ ತಲೆ ಎತ್ತಿಲ್ಲ” ಅಂತ ಉತ್ತರ ಬಂತು.

ಎತ್ತಿದೆ. ಗಿರಾಕಿಗಳ ಕುರ್ಚಿ ಖಾಲಿ. ಅಷ್ಟರಲ್ಲಿ ಊಟ ತಂದ ಹೆಂಡತಿ ಅದರಲ್ಲಿ ಕೂತವಳೇ ದಡಕ್ಕನೆ ಎದ್ದಳು.

“ರೀ, ಯಾರು ಈಗ ಎದ್ದು ಹೋದ್ರು? ಕುರ್ಚಿ ಇನ್ನೂ ಬೆಚ್ಚಗಿದೆ!”

ನಿಜ ಹೇಳ್ತೀನಿ, ಭಯಕ್ಕಿಂತ ಖುಷಿಯಾಯ್ತು. ನನ್ನ ಮಾತು ಕೇಳೋಕೆ ಒಬ್ಬ ಅಂಗಡಿವರೆಗೂ ಬಂದಿದ್ದಾನಲ್ಲ!

ಈಗ ನಾನು ಏನೂ ಬರೆಯೋದಿಲ್ಲ. ಹೊಲಿಯುತ್ತಲೇ ಬಾಯಲ್ಲಿ ವಾದ ಮಾಡ್ತೀನಿ. ವೇದಿಕೆಯಲ್ಲಿ ಉಳಿದವರು ದಿನಾ ಮೊಂಡನನ್ನು ಕೇಳ್ತಾರೆ, “ಯಾರಿಗೆ ಉತ್ತರ ಕೊಡ್ತಿದ್ದೀಯ ಮಾರಾಯ?”