ನಾಲ್ಕನೇ ಮೆಷಿನ್

"ಇದೂ ಅಲ್ಲ" ಅಂದ ಅವನು.

ಅವಳು ಪೆಡಲ್ ಮೇಲಿಂದ ಕಾಲು ತೆಗೆದಳು. ರಂಗಮಂದಿರದ ಉಡುಪಿನ ಕೋಣೆಯಲ್ಲಿದ್ದ ಮೂರು ಹೊಲಿಗೆ ಮೆಷಿನ್‌ಗಳನ್ನೂ ವೇದಿಕೆಗೆ ಹೊತ್ತು ತಂದು, ವಾಪಸ್ಸು ಹೊತ್ತು ಹಾಕಿದ್ದಾಗಿತ್ತು. ನಾಲ್ಕನೆಯದು ಅವಳದೇ. ಬೇಡ ಬೇಡ ಅಂದುಕೊಳ್ಳುತ್ತಲೇ ಮನೆಯಿಂದ ತರಿಸಿದ್ದಳು.

"ಇದಕ್ಕೇನಾಯ್ತು?"

"ತುಂಬಾ ಹತ್ತಿರ ಕೇಳುತ್ತೆ."

"ಮೈಕು ದೂರ ಎಳೀರಿ ಹಾಗಾದ್ರೆ. ನನ್ನ ಜೀವ ಯಾಕೆ ತಿಂತೀರಿ?"

"ದೂರ ಎಳೆದ್ರೆ ಸಣ್ಣಗಾಗುತ್ತೆ. ದೂರಾನೂ ಇರ್ಬೇಕು, ದಪ್ಪಾನೂ ಇರ್ಬೇಕು."

"ಇಷ್ಟು ವರ್ಷದಲ್ಲಿ ಇಂಥ ಅಳತೆ ಯಾರೂ ಕೊಟ್ಟಿಲ್ಲ ನನಗೆ."

ಅವನು ನಕ್ಕ. ನಕ್ಕರೆ ಎಡಗಡೆಯ ಹುಬ್ಬು ಮಾತ್ರ ಮೇಲೇರುತ್ತಿತ್ತು. ಅದನ್ನು ಎಳೆದು ಕೆಳಗಿಳಿಸಿ ಎರಡು ಹೊಲಿಗೆ ಹಾಕಿಬಿಡಬೇಕು ಅಂತ ಹತ್ತು ದಿನದಿಂದ ಅವಳಿಗೆ ಅನ್ನಿಸುತ್ತಿತ್ತು.

ರಂಗಮಂದಿರದವರು ಅವನಿಗಿಟ್ಟ ಹೆಸರು 'ಗಲಾಟೆ'. ಅವನ ಕಸುಬೇ ಅದು. ಚಿಕ್ಕಂದಿನಲ್ಲಿ ಕೇಳಿದ ಸದ್ದುಗಳನ್ನು ಜನರ ಕಣ್ಣೆದುರೇ ಒಂದೊಂದಾಗಿ ಮಾಡಿ, ಮೈಕಿನಲ್ಲಿ ಹಿಡಿದು, ಒಂದರ ಮೇಲೊಂದು ಹಾಸುತ್ತಾ ಹೋಗುವುದು. ಮೊದಲೇ ರೆಕಾರ್ಡ್ ಮಾಡಿ ತಂದದ್ದು ಒಂದೂ ಇಲ್ಲ. ತುಕ್ಕು ಹಿಡಿದ ಗೇಟು, ಬಿದ್ದು ಉರುಳುವ ಲೋಟ, ಅಜ್ಜನ ಎರಡು ಕೆಮ್ಮು, ಸ್ಟೇಷನ್ ಸಿಗದ ರೇಡಿಯೊ, ಎಲ್ಲ ಸಿಕ್ಕಿದ್ದವು. ಅಮ್ಮನ ಹೊಲಿಗೆ ಮೆಷಿನ್ ಸದ್ದು ಮಾತ್ರ ಸಿಕ್ಕಿರಲಿಲ್ಲ. ಶೋ ಸಂಜೆ ಐದಕ್ಕೆ. ಆಗಲೇ ಎರಡು ಗಂಟೆ.

"ಅದೊಂದು ಬಿಟ್ಟುಬಿಡಿ" ಅಂದಳು.

"ಅಮ್ಮ ಬರ್ತಿದ್ದಾರೆ. ಇದೇ ಮೊದಲ ಸಲ." ಅವನು ವೈರಿನ ತುದಿ ನೋಡುತ್ತಾ ಹೇಳಿದ. "ಕಿವಿ ಚೆನ್ನಾಗಿದ್ದಾಗ ನಾನು ಕರೀಲಿಲ್ಲ. ಈಗ ನಾಲ್ಕು ವರ್ಷದಿಂದ ಏನೂ ಕೇಳಿಸಲ್ಲ ಅವರಿಗೆ."

"ಕೇಳಿಸದವರಿಗೋಸ್ಕರ ನನ್ನ ಕೈಲಿ ನಾಲ್ಕು ಮೆಷಿನ್ ಹೊರಿಸಿದ್ರಾ?"

"ಹೌದು."

"ಹುಚ್ಚು."

"ಹುಚ್ಚೇ" ಅಂತ ಒಪ್ಪಿಕೊಂಡ.

ಗಂಡ ತೀರಿಕೊಂಡ ಮೇಲೆ, ಎರಡು ವರ್ಷದಿಂದ, ಮಲಗಿದ ಮಗು ಎದ್ದುಬಿಟ್ಟೀತು ಅನ್ನುವ ಹಾಗೆ ಎಲ್ಲರೂ ಅವಳ ಹತ್ತಿರ ಮೆಲ್ಲಗೆ ಮಾತಾಡುತ್ತಿದ್ದರು. ಅವಳೂ ಯಾರ ಮೇಲೂ ರೇಗಿರಲಿಲ್ಲ. ಈ ಮನುಷ್ಯ ಬಂದ ಮೊದಲ ದಿನವೇ "ನಿಮ್ಮ ಕತ್ತರಿ ಸದ್ದು ಚೆನ್ನಾಗಿದೆ" ಅಂತ ಕತ್ತರಿಯನ್ನೇ ಎತ್ತಿಕೊಂಡು ಹೋಗಿದ್ದ. ಅಲ್ಲಿಂದ ದಿನಕ್ಕೆರಡು ಜಗಳ. ನಾಳೆ ಬೇರೆ ಊರಿಗೆ ಹೊರಡುತ್ತಾನೆ. ಪೀಡೆ ತೊಲಗಿತು ಅಂತ ಬೆಳಗ್ಗೆಯಿಂದ ಮೂರು ಸಲ ಅಂದುಕೊಂಡಿದ್ದಳು. ಮೂರು ಸಲವೂ ದಾರ ತುಂಡಾಗಿತ್ತು.

"ಅಮ್ಮ ಹೊಲೀವಾಗ ನೀವು ಎಲ್ಲಿರ್ತಿದ್ರಿ?"

"ಅವರ ಕಾಲ ಹತ್ರ. ಸ್ಕೂಲಿಂದ ಬಂದು ಅಲ್ಲೇ ಮಲಗ್ತಿದ್ದೆ."

"ಹಾಸಿಗೆ ಮೇಲೆ?"

"ಇಲ್ಲ, ಬರೀ ನೆಲ. ಹಲಗೆ ನೆಲ."

ಅವಳು ಹಣೆ ಚಚ್ಚಿಕೊಂಡಳು. "ಇದನ್ನ ಹೇಳೋಕೆ ಹತ್ತು ದಿನ. ಮಲಗಿ."

"ಏನು?"

"ವೇದಿಕೇನೂ ಹಲಗೇದೇ ಅಲ್ವಾ? ಕಿವಿ ಹಚ್ಚಿ ಮಲಗಿ ಅಂದೆ."

ಅವನು ಮಲಗಿದ. ಅವಳು ಪೆಡಲ್ ತುಳಿದಳು. ಅವನ ಹುಬ್ಬು ಇಳಿಯಿತು, ಕಣ್ಣು ಮುಚ್ಚಿತು. ಕೈಗೆ ಸಿಕ್ಕ ಚಿಂದಿಯ ಮೇಲೆ ಅವಳು ಹೊಲಿಗೆ ಓಡಿಸುತ್ತಲೇ ಇದ್ದಳು.

"ಬಟ್ಟೆ ಮುಗೀತು" ಅಂದಳು.

ಅವನು ಕಣ್ಣು ತೆರೆಯದೆ ಜೇಬಿನಿಂದ ಕರ್ಚೀಫ್ ತೆಗೆದು ಮೇಲಕ್ಕೆ ಚಾಚಿದ. ಅವಳು ಅದರ ಅಂಚಿಗೆ ಸುತ್ತ ಹೊಲಿಗೆ ಹಾಕಿದಳು. ಮತ್ತೊಂದು ಸುತ್ತು ಹಾಕಿದಳು. ಅವನ ಕಿವಿಗೂ ಅವಳ ಕಾಲಿಗೂ ನಡುವೆ ಒಂದು ಗೇಣು.

ಸಂಜೆ ಗೇಟು ಕಿರುಗುಟ್ಟಿತು, ಲೋಟ ಉರುಳಿತು, ಅಜ್ಜ ಕೆಮ್ಮಿದ. ಕೊನೆಗೆ ಅವನು ಜನರನ್ನೆಲ್ಲ ವೇದಿಕೆ ಮೇಲೆ ಕರೆದು ನೆಲಕ್ಕೆ ಕಿವಿ ಹಚ್ಚಿ ಮಲಗಿ ಅಂದ. ನಲವತ್ತು ಜನ ಗೊಣಗುತ್ತಾ ಮಲಗಿದರು. ಅವನಮ್ಮ ಮಾತ್ರ ಕುರ್ಚಿಯಲ್ಲಿ ಕೂತರು. ಅವನೇ ಬಗ್ಗಿ ಅವರ ಚಪ್ಪಲಿ ತೆಗೆದು, ಪಾದಗಳನ್ನು ಹಲಗೆಯ ಮೇಲಿಟ್ಟ.

ಅವಳು ತುಳಿದಳು.

ಮುದುಕಿ ಮೊದಲು ತಮ್ಮ ಪಾದ ನೋಡಿಕೊಂಡರು. ಆಮೇಲೆ ಮೆಷಿನ್ ನೋಡಿದರು. ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಶೋ ನಡುವೆಯೇ ಹೇಳಿದರು: "ಬೆಲ್ಟ್ ಸಡಿಲ ಇದೆ ಕಣಮ್ಮ. ಬಿಗಿ ಮಾಡೋರು ಯಾರೂ ಇಲ್ವಾ?"

ನೆಲದ ಮೇಲೆ ಮಲಗಿದ್ದವರೆಲ್ಲ ನಕ್ಕರು. ಅವಳು ನಿಲ್ಲಿಸಲಿಲ್ಲ. ಬೆಲ್ಟ್ ಬಿಗಿ ಮಾಡುವುದು ಗಂಡನ ಕೆಲಸವಾಗಿತ್ತು. ಎರಡು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಮುದುಕಿಯ ಹೆಬ್ಬೆರಳು ತಾಳ ಹಾಕತೊಡಗಿತು. ಮಗ ಅದನ್ನೇ ನೋಡುತ್ತಾ ನಿಂತಿದ್ದ, ಮೈಕು ಮರೆತು.

ಜನ ಹೋದ ಮೇಲೆ ಅವನು ವೈರು ಸುತ್ತುತ್ತಾ ಹೇಳಿದ, "ಮುಂದಿನ ಊರಲ್ಲೂ ಮೆಷಿನ್ ಬೇಕು."

"ಕೊಂಡ್ಕೊಳ್ಳಿ."

"ಓಡಿಸೋರು?"

"ಊರಿಗೊಬ್ಬ ಟೈಲರ್ ಇರ್ತಾರೆ."

"ಮೇಡಂ, ನಾನು ಕೆಲಸಕ್ಕೆ ಕರೀತಿಲ್ಲ." ಹುಬ್ಬು ಮೇಲೇರಲಿಲ್ಲ. "ನೀವು ಬೈಯದೇ ಇದ್ರೆ ನನಗೆ ದಿನ ಹೋಗಲ್ಲ. ಇಷ್ಟೇ ಹೇಳೋಕೆ ಬರೋದು ನನಗೆ."

ಅವಳು ಕರ್ಚೀಫ್ ಮಡಿಸಿ ಅವನ ಕೈಗಿಟ್ಟಳು. ಕೈ ಅಲ್ಲೇ ಸ್ವಲ್ಪ ಹೊತ್ತು ಉಳಿಯಿತು.

"ಇಲ್ಲಿನ ಮುಂದಿನ ನಾಟಕದ ಉಡುಪು ಮುಗಿಯೋಕೆ ಹದಿನೈದು ದಿನ ಬೇಕು. ಆಮೇಲೆ ಬನ್ನಿ. ಬರುವಾಗ ಒಂದು ಹೊಸ ಬೆಲ್ಟ್ ತನ್ನಿ."

"ಬೆಲ್ಟ್ ಹಾಕಿದ್ರೆ ಸದ್ದು ಬದಲಾಗುತ್ತಲ್ಲ?"

"ಬದಲಾಗ್ಲಿ."

"ಮತ್ತೆ ಮೊದಲಿಂದ ಹುಡುಕ್ಬೇಕಾಗುತ್ತೆ."

"ಹುಡುಕಿ. ಈಗ ಮೆಷಿನ್ ಆ ಕಡೆ ಹಿಡ್ಕೊಳ್ಳಿ. ಅಯ್ಯೋ, ಆ ಕಡೆ ಅಂದ್ರೆ ಆ ಕಡೆ ರೀ."