ರಾಯಭಾರಿಗಳ ರೇಡಿಯೊ

ರಾಯಭಾರಿಗಳು ಓದುವ ಕೋಣೆಯ ಬಾಗಿಲು ಹಾಕಿ, ರೇಡಿಯೊ ಜೋರು ಮಾಡಿ, ಆಮೇಲಷ್ಟೇ ಬಾಯಿ ಬಿಟ್ಟರು: "ಕ್ಯಾಸೆಟ್ ಕಳುವಾಗಿದೆ ಅಮ್ಮಾ."

ಮೇಲಿನ ಮಹಡಿಯ ಪತ್ತೇದಾರಿ ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಅವರ ಕೇಸುಗಳಿಗೆಲ್ಲ ಬಾಲದಂತೆ ಬರುವ ಅಳಿಯ, ತೇಪೆ ಹಾಕುವವರ ಟೇಪೇ ಹೋಯಿತಲ್ಲ ಎಂದುಕೊಂಡ. ಎಲ್ಲರ ದನಿ ಅಣಕಿಸುವ ಚಟದವನು, ಅದನ್ನು ರಾಯಭಾರಿಗಳ ದನಿಯಲ್ಲೇ ಅನ್ನಲು ಹೊರಟ ನಾಲಿಗೆಯನ್ನು ಕಚ್ಚಿಕೊಂಡ. ಎದುರಿಗಿದ್ದವರು ಅಂಥಿಂಥವರಲ್ಲ. ಆಯುಷ್ಯವೆಲ್ಲ ದೇಶ ದೇಶಗಳ ಜಗಳಕ್ಕೆ ತೇಪೆ ಹಾಕಿ, ನಿವೃತ್ತಿಯ ಮೇಲೆ ಆ ಹರುಕುಗಳ ಚರಿತ್ರೆ ಬರೆಯಲು ಕೂತವರು. ಸಾಕ್ಷಿಯಿಲ್ಲದ ಸಾಲನ್ನು ಅಚ್ಚಿಗೆ ಕೊಟ್ಟವರಲ್ಲ.

ಹಿಂದೆ ಶಾಂತಿ ಮಾತುಕತೆಯೊಂದು ಒಂದು ಬೈಗುಳದಿಂದ ಮುರಿದಿತ್ತು. ಅನುವಾದದಲ್ಲಿ ಅದನ್ನು ಸೇರಿಸಿದವನು ದುಭಾಷಿಯೇ ಎಂದು ಅವನ ಕೆಲಸ ಕಿತ್ತುಕೊಂಡಿದ್ದರು. ಆ ಗಳಿಗೆಯಲ್ಲಿ ಫೋನಿಗೆಂದು ಹೊರಹೋಗಿದ್ದ ರಾಯಭಾರಿಗಳಿಗೆ ನಿಜ ಗೊತ್ತಿರಲಿಲ್ಲ. ಈಗ ದುಭಾಷಿ ಹಾಸಿಗೆ ಹಿಡಿದಿದ್ದಾನೆ, ಕಳಂಕ ಕಳೆಯದೆ ಕಣ್ಣು ಮುಚ್ಚಲಾರೆ ಅನ್ನುತ್ತಿದ್ದಾನೆ. ಅಂದಿನ ಧ್ವನಿಮುದ್ರಣ ಕೊನೆಗೂ ಸಿಕ್ಕಿತ್ತು. ಕೂಡಿ ಕೇಳೋಣವೆಂದು, ಅಂದು ಮೇಜಿನ ಬಳಿಯಿದ್ದ ಇಬ್ಬರನ್ನೂ ಕರೆಸಿದ್ದರು: ಬಾಯಿ ತೆರೆದರೆ ಬೈಗುಳವೇ ಉದುರುವ ಕರ್ನಲ್, ಇರುವೆಗೂ ನೋಯದಂತೆ ಮಾತಾಡುವ ಉಪರಾಯಭಾರಿ. ರಾಯಭಾರಿಗಳು ಹಜಾರದಲ್ಲಿ ಕಾಫಿ ಬಗ್ಗಿಸುತ್ತಿದ್ದಾಗ ಒಬ್ಬ ಸಿಗರೇಟಿಗೆ, ಇನ್ನೊಬ್ಬ ಕೈ ತೊಳೆಯಲು ಎದ್ದಿದ್ದರು. ಅಷ್ಟರಲ್ಲಿ ಈ ಕೋಣೆಯಲ್ಲಿ ರೇಡಿಯೊ ಹಾಡಿತ್ತು; ಆಮೇಲೆ ಬಂದು ನೋಡಿದರೆ ಟೇಪ್ ರೆಕಾರ್ಡರಿನಲ್ಲಿದ್ದ ಕ್ಯಾಸೆಟ್ ಇರಲಿಲ್ಲ.

ಖಾಲಿ ಟೇಪ್ ರೆಕಾರ್ಡರಿಗೆ ಇಯರ್‌ಫೋನ್ ಚುಚ್ಚಿಯೇ ಇತ್ತು. ಅತ್ತೆ ಅದನ್ನೊಮ್ಮೆ ಮುಟ್ಟಿ ನೋಡಿ, ಇಬ್ಬರನ್ನೂ ಒಳಗೆ ಕರೆಸಿದರು.

"ನಾನು ಬೈದಿದ್ರೆ ಮಾತುಕತೆಯಲ್ಲ, ಮೇಜೇ ಮುರೀತಿತ್ತು," ಕರ್ನಲ್ ಗುರುಗುಟ್ಟಿದರು.

"ಗೊತ್ತು, ಕೂತ್ಕೊಳ್ಳಿ," ಎಂದು ಅತ್ತೆ ಬಿಡಿಸಿ ಹೇಳತೊಡಗಿದರು. ಕೂಡಿ ಕೇಳಲು ಇಟ್ಟಿದ್ದಕ್ಕೆ ಇಯರ್‌ಫೋನ್ ಚುಚ್ಚಿದೆಯೆಂದರೆ, ಕಳ್ಳ ಒಯ್ಯುವ ಮೊದಲು ಕ್ಯಾಸೆಟ್ ಕೇಳಿದ್ದ. ಇಯರ್‌ಫೋನಿನಲ್ಲಿ ಕೇಳಿದ್ದು ಗೋಡೆಗೂ ಕೇಳಿಸದು. ಹಾಗಿದ್ದರೆ ರೇಡಿಯೊ ಯಾಕೆ? ಬೇಕಾಗಿಯೇ ಇರಲಿಲ್ಲ; ಕೈ ತಾನಾಗಿ ಹೋಗಿತ್ತು. "ಗೋಡೆಗೂ ಕಿವಿಯಿದೆ ಅಂತ ರೇಡಿಯೊ ಹಾಕಿ ಗುಟ್ಟು ಮಾತಾಡೋದು ರಾಯಭಾರ ಕಚೇರಿಯವರ ರೂಢಿ. ಈಗ ತಾನೇ ರಾಯಭಾರಿಗಳೂ ಹಾಗೇ ಮಾಡಿದ್ರು. ಆದ್ರೆ ಆಗ ಇವರು ಹಜಾರ ಬಿಟ್ಟು ಎದ್ದಿಲ್ಲ. ಕರ್ನಲ್‌ಗೆ ಪಿಸುಮಾತೇ ಬರಲ್ಲ. ಉಳಿದವರು ಯಾರು?"

ಉಪರಾಯಭಾರಿ ಜೇಬಿನಿಂದ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟ.

"ಸರ್, ಆ ಬೈಗುಳ ನನ್ನದೇ. ನನ್ನ ಮಾನ ಎಷ್ಟೋ ಸಲ ಉಳಿಸಿದ್ದೀರಿ. ಇದೊಂದು ಸಲ..."

"ಆಗ ರಾಯಭಾರಿಯಾಗಿದ್ದೆ ಕಣಯ್ಯ. ಜಗಳ ನಿಲ್ಲಲಿ ಅಂತ ಅರ್ಧ ಹೇಳಿ ಅರ್ಧ ನುಂಗ್ತಿದ್ದೆ. ನುಂಗಿದ್ದನ್ನ ಈಗ ಬರೀಬೇಕು. ದುಭಾಷಿಯ ಮಾತು ಕೇಳದೆ ಅವನನ್ನ ಕೆಲಸದಿಂದ ತೆಗೆಯೋ ಕಾಗದಕ್ಕೆ ಸಹಿ ಹಾಕಿದವನು ನಾನು, ಮೊದಲ ಸಾಲಲ್ಲಿ ಅದೇ ಇರುತ್ತೆ."

ಅಳಿಯನಿಗೆ ಆ ದನಿಯನ್ನು ಅನುಕರಿಸಲು ಇವತ್ತಿಗೂ ಬಂದಿಲ್ಲ.

ರಾಯಭಾರಿಗಳು ದುಭಾಷಿಯ ಮನೆಗೆ ಫೋನು ಹಚ್ಚಿದರು. ಅತ್ತಲಿಂದ ಕ್ಷೀಣವಾದ "ಹಲೋ" ಬಂತು. ಅವರ ಕೈ ರೇಡಿಯೊದತ್ತ ಹೋಯಿತು. ಅದನ್ನು ಆರಿಸಿದರು.

"ಯಾರು ಬೇಕಾದ್ರೂ ಕೇಳಿಸ್ಕೊಳ್ಳಲಿ," ಎಂದು ಮಾತಿಗೆ ತೊಡಗಿದರು.