ಹೊಳೆಯಾಚೆಯ ಹನ್ನೊಂದನೇ ಹೆಸರು

"ಇಲ್ಲಿ ಬಸುರಿಯರು ಯಾರೂ ಇಲ್ಲ. ಬಂದ ದಾರೀಲೇ ಹೊರಟುಬಿಡಿ."

ಗುಡಾರದ ಬಾಗಿಲಿಗೆ ಅಡ್ಡ ನಿಂತವನು ದನಿ ಏರಿಸಲಿಲ್ಲ. ಜಿಪಾರ್‌ಗೆ ಹೆದರಿಕೆಯಾಗಿದ್ದು ಅದಕ್ಕೇ. ಕೂಗಾಡುವ ಗಂಡಸರನ್ನು ಅವಳು ಆ ಬೇಸಿಗೆಯಲ್ಲಿ ಬೇಕಾದಷ್ಟು ನೋಡಿದ್ದಳು. ಇವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು.

ಅವನ ಬೆನ್ನ ಹಿಂದೆ, ಒಲೆಯ ಹೊಗೆಯಲ್ಲಿ, ತಲೆವಸ್ತ್ರ ಕಟ್ಟಿದ ಹುಡುಗಿಯೊಬ್ಬಳು ಸೊಂಟಕ್ಕೆ ಕೈಕೊಟ್ಟುಕೊಂಡು ಮೆಲ್ಲಗೆ ಏಳುತ್ತಿದ್ದಳು. ಆರು ತಿಂಗಳು ದಾಟಿರಬೇಕು.

'ಯಾರೂ ಇಲ್ಲವಂತೆ... ಎಂಥ ಮನುಷ್ಯನಪ್ಪಾ ಇವನು!'

ಜಿಪಾರ್ ನಾರಿನ್ ಎಂಬ ಬೆಟ್ಟಸೀಮೆಯ ಸರ್ಕಾರಿ ದಾದಿ. ಬೆಟ್ಟದ ಮೇಲಿನ ಹುಲ್ಲುಗಾವಲುಗಳಲ್ಲಿರುವ ಪ್ರತಿ ಬಸುರಿಯ ಹೆಸರನ್ನೂ ಬರೆದುಕೊಳ್ಳಬೇಕು, ವಾರಕ್ಕೊಮ್ಮೆ ಹೋಗಿ ರಕ್ತದೊತ್ತಡ ನೋಡಬೇಕು, ದಿನ ತುಂಬುವ ಮೊದಲೇ ಜಿಲ್ಲಾಸ್ಪತ್ರೆಯ ಪಕ್ಕದ ತಾಯಂದಿರ ಮನೆಗೆ ಇಳಿಸಬೇಕು ಎಂದು ಆ ವರ್ಷ ಸರ್ಕಾರದ ಆದೇಶವಾಗಿತ್ತು. ಆದೇಶ ಬರೆದವರು ರಾಜಧಾನಿಯಲ್ಲಿ ಬೆಚ್ಚಗೆ ಕೂತಿದ್ದರು. ಹೊಳೆ ದಾಟಬೇಕಾದವಳು ಇವಳು.

ಪುಸ್ತಕದಲ್ಲಿ ಆಗಲೇ ಹತ್ತು ಹೆಸರುಗಳಿದ್ದವು. ಒಂದೊಂದಕ್ಕೂ ಹೀಗೇ ಬಾಗಿಲು ಕಾದಿದ್ದಳು. ದೃಷ್ಟಿ ತಾಗುತ್ತದೆಂದು ಬಸಿರನ್ನು ಬಾಯಿಬಿಟ್ಟು ಹೇಳುವವರಲ್ಲ ಆ ಜನ. ಆದರೆ ಬಾಗಿಲಿಗೆ ಬಂದವರನ್ನು ರೊಟ್ಟಿ ಮುರಿಸದೆ ಕಳಿಸುವವರೂ ಅಲ್ಲ. ಅದು ಜಿಪಾರ್‌ಗೆ ಚೆನ್ನಾಗಿ ಗೊತ್ತಿತ್ತು. ಚೀಲವನ್ನು ಹುಲ್ಲಿನ ಮೇಲಿಟ್ಟು ಕೂತೇಬಿಟ್ಟಳು. ಅರ್ಧ ಗಂಟೆಯ ಮೇಲೆ ಮನೆಯ ಯಜಮಾನಿ, ಮುದುಕಿ ಸಾಯ್ರಾ, ಗೊಣಗುತ್ತಲೇ ಒಳಗೆ ಕರೆದಳು.

ಹುಡುಗಿಯ ಹೆಸರು ಬುರುಲ್. ರಕ್ತದೊತ್ತಡ ಸರಿಯಾಗಿತ್ತು.

ಗಂಡನ ಹೆಸರು ಬರೆಯುವ ಜಾಗ ಬಂತು. ಅಲ್ಲಿಯ ಸೊಸೆ ಗಂಡನ ಹೆಸರನ್ನಾಗಲಿ, ಅವನ ಹಿರಿಯರ ಹೆಸರನ್ನಾಗಲಿ ಬಾಯಲ್ಲಿ ಎತ್ತುವುದಿಲ್ಲ. ಕೇಳಿ ಮುಜುಗರ ಮಾಡುವ ದಾದಿಯೂ ಇಲ್ಲ. ಜಿಪಾರ್ ಬಾಗಿಲಲ್ಲಿದ್ದವನ ಕಡೆ ನೋಡಿ, ಇವರೇ ತಾನೇ ಎನ್ನುವಂತೆ ಹುಬ್ಬೇರಿಸಿದಳು. ಬುರುಲ್ ತಲೆವಸ್ತ್ರ ಮುಂದಕ್ಕೆಳೆದುಕೊಂಡು ತಲೆ ತಗ್ಗಿಸಿದಳು. ಅಲ್ಲಿದ್ದ ಗಂಡಸು ಅವನೊಬ್ಬನೇ. ಹೆಸರನ್ನು ಮುದುಕಿಯಿಂದ ತಿಳಿದು ಬರೆದುಕೊಂಡಾಯಿತು: ಎಲ್ದಿಯಾರ್.

ಅಲ್ಲೇ ತಪ್ಪಿದ್ದು.

ಮುಂದಿನ ಮಂಗಳವಾರ ಎಲ್ದಿಯಾರ್ ಬೂದು ಕುದುರೆ ಹಿಡಿದು ಹೊಳೆಯ ಈಚೆ ದಡದಲ್ಲಿ ನಿಂತಿದ್ದ. ಸರ್ಕಾರಿ ಜೀಪು ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ. ಅವಳನ್ನು ಕುದುರೆ ಹತ್ತಿಸಿ, ತೊಡೆಯವರೆಗಿನ ಹಿಮನೀರಿನಲ್ಲಿ ತಾನು ನಡೆದುಕೊಂಡು ದಾಟಿಸಿದ. ಹೆದರಿಕೆ ಆಗಲ್ವಾ ಎಂದು ಕೇಳಿದ. ಇಲ್ಲ ಎಂದಳು.

"ಆಗ್ಬೇಕು. ಹೆದರದವರನ್ನೇ ಈ ಹೊಳೆ ಮೊದಲು ಎಳ್ಕೊಳ್ಳೋದು."

ಅದರ ಮುಂದಿನ ವಾರವೂ ಬಂದ, ಆಮೇಲೂ ಬಂದ. ಒಣಮೊಸರಿನ ಉಂಡೆಗಳನ್ನು ಅವಳ ಕೈಗಿಟ್ಟ. ಒಮ್ಮೆ ನಕ್ಕ ಕೂಡ. ಸೋಮವಾರ ಬಂತೆಂದರೆ ಜಿಪಾರ್‌ಗೆ ನಿದ್ದೆ ಬರುತ್ತಿರಲಿಲ್ಲ. ಪ್ರೀತಿ ಹುಟ್ಟಿತ್ತು. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ?

'ಛೀ... ಅವಳ ಗಂಡನಲ್ವಾ ಇವನು!'

ಆ ಗುಡಾರದ ಸುತ್ತ ಏನೋ ಸರಿಯಿರಲಿಲ್ಲ. ಪಕ್ಕದ ದಿಬ್ಬದ ಮೇಲೊಂದು ಗೋರಿ ಇತ್ತು. ಮುದುಕಿ ಆ ಕಡೆ ಮುಖ ಹಾಕುತ್ತಿರಲಿಲ್ಲ. ಯಾರದೆಂದು ಯಾರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಆ ತಿಂಗಳು ಎರಡು ಕುದುರೆಮರಿಗಳು ಹುಟ್ಟುತ್ತಲೇ ಸತ್ತವು. ಮುದುಕಿ ದಿನವೂ ಸಂಜೆಯ ಮೊದಲು ಗುಡಾರದ ಸುತ್ತ ಧೂಪದ ಸೊಪ್ಪಿನ ಹೊಗೆ ಹಿಡಿಯುತ್ತಿದ್ದಳು. ಎಂಟನೇ ತಿಂಗಳಿಗೆ ಬುರುಲ್‌ಳ ಬೆರಳಿನ ಉಂಗುರ ಬಿಗಿಯಾಯಿತು. ಪಾದ ಒತ್ತಿದರೆ ಗುಳಿ ಬೀಳುತ್ತಿತ್ತು. ಮುಂದಿನ ವಾರ ತಪ್ಪದೆ ನೋಡಬೇಕು ಎಂದು ಜಿಪಾರ್ ಪುಸ್ತಕದಲ್ಲಿ ಕೆಂಪು ಗೆರೆ ಎಳೆದಳು.

ಅದೇ ದಿನ, ಹೊಳೆ ದಾಟಿ ಇಳಿಯುವಾಗ ಅವನ ಕೈ ಅವಳ ಕೈಯಲ್ಲಿ ಒಂದು ಕ್ಷಣ ಹೆಚ್ಚಿಗೆ ಉಳಿಯಿತು. ಅವಳು ಬೆಂಕಿ ಮುಟ್ಟಿದವಳಂತೆ ಎಳೆದುಕೊಂಡಳು.

"ಇನ್ಮೇಲೆ ನೀವು ಬರಬೇಡಿ. ಚೆನ್ನಾಗಿ ಕಾಣಲ್ಲ."

ಅವನು ಸರಿ ಎಂದು ಕುದುರೆ ತಿರುಗಿಸಿಕೊಂಡು ಹೋದ.

ಮುಂದಿನ ಮಂಗಳವಾರ ದಡದಲ್ಲಿ ಯಾರೂ ಇರಲಿಲ್ಲ. ಬೇರೆ ಯಾರನ್ನಾದರೂ ಕಳಿಸಿಯಾನು ಎಂದು ಕಾದಳು. ನೀರು ಕೆಸರಾಗಿ ಉಕ್ಕುತ್ತಿತ್ತು. ಕೊನೆಗೆ ಜೀಪಿನ ಚಾಲಕ, ಇನ್ನೊಂದು ಬಿಡಾರಕ್ಕೆ ಹೊತ್ತಾಯಿತೆಂದು ಹಾರ್ನ್ ಹೊಡೆದ. ಒಂದು ವಾರ ತಾನೇ ಎಂದುಕೊಂಡು ಜಿಪಾರ್ ಹತ್ತಿ ಕೂತಳು. ದಾರಿಯುದ್ದಕ್ಕೂ ಆ ಕೆಂಪು ಗೆರೆ ಎದೆಯೊಳಗೆ ಕೊರೆಯುತ್ತಿತ್ತು.

ಮರುವಾರ ಅವಳು ಯಾರನ್ನೂ ಕಾಯಲಿಲ್ಲ. ಕೆಳಗಿನ ಬಿಡಾರದವರಿಂದ ಕುದುರೆಯೊಂದನ್ನು ಬೇಡಿ ತಂದು, ನೀರು ಇಳಿದಿರುವ ಬೆಳಗಿನಲ್ಲೇ ದಾಟಿದಳು. ಗುಡಾರದ ನಾಯಿ ಅವಳನ್ನು ನೋಡಿಯೂ ಬೊಗಳಲಿಲ್ಲ.

ಬುರುಲ್ ಕಂಬಳಿಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮುಖ ಬಾತುಕೊಂಡು ಗುರುತೇ ಸಿಗದಂತಾಗಿತ್ತು.

"ಅಕ್ಕಾ... ಒಲೆ ಕಿಡಿ ಯಾಕಿಷ್ಟು ಹಾರ್ತಿದೆ?"

ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ರಕ್ತದೊತ್ತಡ ನೂರ ಎಪ್ಪತ್ತು ದಾಟಿತ್ತು. ಜಿಪಾರ್ ಚೀಲದಲ್ಲಿದ್ದ ಸೂಜಿಮದ್ದು ಕೊಟ್ಟಳು. ಯಾವ ಗಳಿಗೆಯಲ್ಲಾದರೂ ಮೈ ಸೆಟೆದು ಸೆಳೆತ ಬರಬಹುದು, ಈಗಲೇ ಆಸ್ಪತ್ರೆಗೆ ಇಳಿಸಬೇಕು ಎಂದಳು. ಸಾಯ್ರಾ ಎದ್ದು ಹೋಗಿ ಬಾಗಿಲಿಗೆ ಎರಡೂ ಕೈ ಚಾಚಿ ನಿಂತಳು.

"ಆ ರಸ್ತೆ ಒಬ್ಬಳನ್ನ ತಿಂದಿದೆ. ಇನ್ನೊಬ್ಬಳನ್ನ ಕೊಡಲ್ಲ."

ಎಲ್ದಿಯಾರ್ ಬಾಗಿಲ ಹೊರಗೆ ಬಿಳಿಚಿಕೊಂಡು ನಿಂತಿದ್ದ. ಜಿಪಾರ್ ನೇರ ಅವನ ಕಣ್ಣನ್ನೇ ನೋಡಿದಳು.

"ನಿಮ್ಮ ಹೆಂಡ್ತಿ. ನೀವೇ ಹೇಳಿ. ತಡ ಮಾಡಿದ್ರೆ ತಾಯಿ ಮಗು ಇಬ್ರೂ ಉಳಿಯಲ್ಲ."

ಅವನಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ.

"ನನ್ನ ಹೆಂಡ್ತಿ ಆ ದಿಬ್ಬದ ಮೇಲಿದ್ದಾಳೆ. ಎರಡು ವರ್ಷ ಆಯ್ತು. ಇವಳು ನನ್ನ ತಮ್ಮನ ಹೆಂಡ್ತಿ. ಅವನು ರಷ್ಯಾದಲ್ಲಿ ಇಟ್ಟಿಗೆ ಹೊರ್ತಿದ್ದಾನೆ."

ಜಿಪಾರ್‌ಗೆ ಎಲ್ಲ ಈಗ ಹೊಳೆಯಿತು. ಬುರುಲ್ ಅಂದು ತಲೆ ತಗ್ಗಿಸಿದ್ದು ಗಂಡನ ನಾಚಿಕೆಗಲ್ಲ, ಭಾವನ ಮರ್ಯಾದೆಗೆ. ಇದೇ ನೆಲದಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟೂ ತಿಳಿಯಲಿಲ್ಲವಲ್ಲ... ಆದರೆ ಮರುಗುತ್ತ ನಿಲ್ಲುವ ಹೊತ್ತಲ್ಲ ಅದು.

ಎಲ್ದಿಯಾರ್ ತಾಯಿಯ ಮುಂದೆ ಬಂದು ನಿಂತ.

"ಅಮ್ಮಾ, ರಸ್ತೆ ಅವಳನ್ನ ತಿನ್ನಲಿಲ್ಲ. ನೋವು ಶುರುವಾದ ಮೂರನೇ ದಿನ ಹೊರಟ್ವಿ ನಾವು. ಯಾರಿಗೂ ಗೊತ್ತಾಗಬಾರ್ದು ಅಂತ ಕೂತಿದ್ವಿ. ನೀನೂ ಕೂತಿದ್ದೆ, ನಾನೂ ಕೂತಿದ್ದೆ."

ಮುದುಕಿಯ ಕೈಗಳು ತಾವಾಗಿ ಕೆಳಗಿಳಿದವು. ತಮ್ಮನ ಹೆಂಡತಿಯನ್ನು ಭಾವ ಮುಟ್ಟುವಂತಿಲ್ಲ. ಅದಕ್ಕೇ ಅವನು ಬುರುಲ್‌ಳನ್ನು ದಪ್ಪ ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಕುದುರೆ ಏರಿದ.

ಹೊಳೆಯಲ್ಲಿ ಆಗಲೇ ನೀರು ಏರತೊಡಗಿತ್ತು. ನಡುನೀರಿನಲ್ಲಿ ಕುದುರೆ ಒಮ್ಮೆ ಮುಗ್ಗರಿಸಿತು. ಹಿಂದೆ ಬರುತ್ತಿದ್ದ ಜಿಪಾರ್ ದೇವರ ಹೆಸರನ್ನೂ ಮರೆತು ಅವನ ಹೆಸರು ಕೂಗಿದಳು. ದಡದಲ್ಲಿ ಕಾದಿದ್ದ ಜೀಪು ಹತ್ತಿದರು; ಆಸ್ಪತ್ರೆಗೆ ಮೂರು ಗಂಟೆಯ ದಾರಿ. ಕಣಿವೆಯ ತಿರುವಿನಲ್ಲಿ ಬುರುಲ್‌ಗೆ ಸೆಳೆತ ಬಂತು. ಗಂಟಲಲ್ಲಿ ಜೊಲ್ಲು ಸಿಕ್ಕಿಕೊಳ್ಳದಂತೆ ಅವಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿದ ಜಿಪಾರ್, ಉಸಿರು ಎಣಿಸುತ್ತಾ ಹೋದಳು.

ಮಧ್ಯಾಹ್ನ ವೈದ್ಯೆ ಹೊರಬಂದರು. ಹೆಣ್ಣು ಮಗು. ಎರಡು ಕಿಲೋ ಕೂಡ ಇಲ್ಲ, ಗಾಜಿನ ಪೆಟ್ಟಿಗೆಯಲ್ಲಿದೆ. ತಾಯಿ ಕಣ್ಣು ಬಿಟ್ಟಿದ್ದಾಳೆ. ಮೂರು ದಿನ ಕಳೆಯಲಿ, ಈಗಲೇ ಏನೂ ಹೇಳಲಾರೆ ಎಂದು ಹೇಳಿ ಒಳಗೆ ಹೋದರು.

ಎಲ್ದಿಯಾರ್ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕುಸಿದು ಕೂತ. ಜಿಪಾರ್ ಗೋಡೆಗೆ ಒರಗಿ ನಿಂತೇ ಇದ್ದಳು.

"ಹೋದ ವಾರ ನಾನು ನೋಡಿದ್ದಿದ್ರೆ ಇಷ್ಟಾಗ್ತಿರಲಿಲ್ಲ. ತಪ್ಪು ನನ್ನದು."

"ಬರಬೇಡಿ ಅಂದ್ರಲ್ಲ. ನನ್ನ ಮುಖ ಕಂಡ್ರೆ ಆಗಲ್ಲ ಅಂದ್ಕೊಂಡೆ. ನೀವೇ ಬೇರೆ ದಾರಿ ನೋಡ್ಕೊಂಡಿರ್ತೀರ ಅಂತ ಸುಮ್ಮನಾದೆ."

"ಆಗಲ್ಲ ಅಂತಲ್ಲ... ನಿಮ್ಮನ್ನ ನೋಡೋಕೆ ತುಂಬಾ ಇಷ್ಟ ಆಗ್ತಿತ್ತು. ಅವಳ ಗಂಡ ಅಂದ್ಕೊಂಡಿದ್ದೆ. ಅವಳ ನಾಡಿ ಹಿಡ್ಕೊಂಡು, ಮನಸ್ಸಲ್ಲಿ ನಿಮ್ಮನ್ನ ಇಟ್ಕೊಂಡಿರೋದು ನನ್ನ ಕೈಲಾಗ್ಲಿಲ್ಲ."

ಒಳಗೆಲ್ಲೋ ಯಂತ್ರವೊಂದು ಬಿಟ್ಟು ಬಿಟ್ಟು ಸದ್ದು ಮಾಡುತ್ತಿತ್ತು.

"ಮಂಗಳವಾರ ಬೆಳಗಾಗೋದನ್ನೇ ಕಾಯ್ತಿದ್ದೆ ನಾನು. ಆದ್ರೆ ನನ್ನ ಮನೆಗೆ ಬಂದವಳನ್ನ ಮಣ್ಣಿಗೆ ಕೊಟ್ಟಿದ್ದೀನಿ. ಇನ್ನೊಬ್ಬಳನ್ನ ಬಾ ಅನ್ನೋಕೆ ಭಯ."

"ನನಗೂ ಭಯ."

"ಹೋಗುತ್ತಾ ಇದು?"

ಎಷ್ಟೋ ಬಸುರಿಯರಿಗೆ ಹೆದರಬೇಡಮ್ಮಾ ಎಂದು ಸಲೀಸಾಗಿ ಹೇಳಿದ ಬಾಯಿ ಅವಳದು. ಇವನಿಗೆ ಸುಳ್ಳು ಹೇಳಲು ಆಗಲಿಲ್ಲ.

"ಇಲ್ಲ."

ಎಲ್ದಿಯಾರ್ ಬೆಂಚಿನ ತುದಿಗೆ ಸರಿದು ಅವಳಿಗೆ ಜಾಗ ಮಾಡಿದ.

"ಹಾಗಾದ್ರೆ ಬಾ, ಇಲ್ಲೇ ಕೂತ್ಕೋ. ಇಬ್ರೂ ಒಟ್ಟಿಗೆ ಹೆದರೋಣ."

ಜಿಪಾರ್ ಹೋಗಿ ಅವನ ಪಕ್ಕದಲ್ಲಿ ಕೂತಳು.